ಟಗರು ಕಂಡಿತು, ಕೈಗೆ ಬರಲಿಲ್ಲ: ಡಾಲ್ ಕುರಿ ಬೇಟೆಯ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೋತ್ತರ ಪೂರ್ತಿ ಅಲಾಸ್ಕಾದ ಡಾಲ್ ಕುರಿಯದು. ಮೈಯೆಲ್ಲ ಬಿಳಿ, ಸುರುಳಿ ಸುತ್ತಿದ ಕಂದು ಹಳದಿ ಕೊಂಬು, ಮರ ಬೆಳೆಯದ ಎತ್ತರದಲ್ಲಿ ವಾಸ. ಅಲ್ಲಿ ನೆಲೆಸಿರುವ ಕನ್ನಡಿಗ ದಂಪತಿಯ ಉದ್ದನೆಯ ಪತ್ರವೊಂದನ್ನು ಮೊದಲು ತೆಗೆದುಕೊಂಡಿದ್ದೇವೆ. ಪತ್ರ ಬರೆದವರೆಲ್ಲರ ಹೆಸರು ಬಿಟ್ಟು ಊರು ಮಾತ್ರ ಕೊಟ್ಟಿದೆ.

ಪ್ರಶ್ನೆ: ನಾನೂ ನಮ್ಮ ಯಜಮಾನರೂ ಬಹಳ ವರ್ಷದಿಂದ ಇಲ್ಲೇ ಇದ್ದೇವೆ. ಇಬ್ಬರಿಗೂ ಅಲಾಸ್ಕಾ ನಿವಾಸಿಗಳ ಬೇಟೆ ಲೈಸೆನ್ಸ್ ಇದೆ. ಕಳೆದ ಆಗಸ್ಟ್‌ನಲ್ಲಿ ಗೈಡ್ ಇಲ್ಲದೆ ರ್‍ಯಾಂಗಲ್ ಬೆಟ್ಟಗಳಿಗೆ ಹೋದೆವು. ಆಗಸ್ಟ್ 9ರಂದು ಸೂಪರ್ ಕಬ್ ಎಂಬ ಪುಟ್ಟ ವಿಮಾನ ನಮ್ಮನ್ನು ಹೊಳೆಯ ಜಲ್ಲಿ ದಿಬ್ಬದ ಮೇಲೆ ಇಳಿಸಿತು. ಹತ್ತು ದಿನದ ಊಟ ಹೊತ್ತಿದ್ದೆವು. ಮೊದಲ ನಾಲ್ಕು ದಿನ ದಿನಕ್ಕೊಂದು ಕಣಿವೆಯಂತೆ ನಡೆದೆವು. ಕಂಡದ್ದೆಲ್ಲ ಹೆಣ್ಣು ಕುರಿ, ಮರಿಗಳು. ಐದನೇ ದಿನ ಬೆಳಗ್ಗೆ ಹನ್ನೊಂದರ ಸುಮಾರಿಗೆ ಒಂದು ಏಣಿನ ಮೇಲೆ ಮೂರು ಟಗರು ಮಲಗಿದ್ದವು. ನೇರ ಕೆಳಗಿನಿಂದ ಹತ್ತಿದೆವು. ಇನ್ನೂ ಅರ್ಧ ಕಿಲೋಮೀಟರ್ ಇರುವಾಗಲೇ ಎದ್ದು ಬೆಟ್ಟದಾಚೆ ಹೋದವು, ಮತ್ತೆ ಕಾಣಲಿಲ್ಲ. ಆಮೇಲೆ ಎರಡು ದಿನ ಮಂಜು. ಎಂಟನೇ ದಿನ ಒಂಟಿ ಟಗರು 250 ಮೀಟರ್ ದೂರದಲ್ಲಿ ನಿಂತಿತ್ತು. ಕೊಂಬು ಪೂರ್ತಿ ಸುತ್ತು ಬಂದಿದೆಯೋ ಇಲ್ಲವೋ ತೀರ್ಮಾನವಾಗದೆ ಬಿಟ್ಟೆವು. ಅಷ್ಟರಲ್ಲಿ ನನ್ನ ಹಿಮ್ಮಡಿ ಗುಳ್ಳೆ ಎದ್ದು ಒಡೆದಿತ್ತು. ಕೆಳಗಿನಿಂದ ಹತ್ತೋಣ ಎಂದವರು ಅವರು, ಹೊಡೆಯುವುದು ಬೇಡ ಎಂದವಳು ನಾನು. ಎಲ್ಲಿ ತಪ್ಪಿದೆವು? (ಆಂಕರೇಜ್)

ಉತ್ತರ: ಹೊಡೆಯುವುದು ಬೇಡ ಎಂದದ್ದು ಸರಿ, ಕೆಳಗಿನಿಂದ ಹತ್ತಿದ್ದು ತಪ್ಪು. ಆದರೆ ನಿಮ್ಮ ಬೇಟೆ ಕೆಟ್ಟಿದ್ದು ಅದಕ್ಕೂ ಮೊದಲೇ, ದಿನಕ್ಕೊಂದು ಕಣಿವೆ ನಡೆದ ಆ ನಾಲ್ಕು ದಿನಗಳಲ್ಲಿ. ಅದರಲ್ಲಿ ಇಬ್ಬರಿಗೂ ಸಮಪಾಲಿದೆ.

ಡಾಲ್ ಕುರಿಯನ್ನು ಹುಡುಕುವುದು ಕಣ್ಣಿನ ಕೆಲಸ. ಕಾಲಿನ ಕೆಲಸ ಆಮೇಲೆ. ನೀವು ಕಣಿವೆಯ ತಳದಲ್ಲಿ ಬೆನ್ನ ಮೇಲೆ 25 ಕಿಲೋ ಹೊತ್ತು ನಡೆಯುವಾಗ ಮೇಲಿನ ಅರ್ಧ ಬೆಟ್ಟ ನಿಮಗೆ ಕಾಣುವುದೇ ಇಲ್ಲ. ನೀವು ಮಾತ್ರ ಮೇಲಿರುವ ಪ್ರತಿ ಟಗರಿಗೂ ಕಾಣುತ್ತೀರಿ. ಈ ಪ್ರಾಣಿ ಬದುಕುವುದೇ ಕಣ್ಣಿನ ಬಲದ ಮೇಲೆ, ಎರಡು ಕಿಲೋಮೀಟರ್ ಆಚೆಯ ಚಲನೆಯನ್ನೂ ಅದು ಹಿಡಿಯುತ್ತದೆ. ನೀವು ಕಾಣದೆ ದಾಟಿದ ಟಗರುಗಳು ಎಷ್ಟೋ, ನಿಮ್ಮನ್ನು ಕಂಡು ಮುಂದಿನ ಕಣಿವೆಗೆ ಜಾರಿದವು ಎಷ್ಟೋ. ಸಾಲದ್ದಕ್ಕೆ ಹಲವು ಕಡೆ ಆಗಸ್ಟ್ 1ರಿಂದ 5ರವರೆಗೆ ಎಳೆಯರಿಗೆಂದೇ ಬೇಟೆ ತೆರೆದಿರುತ್ತದೆ. ಅಂಥ ಜಾಗದಲ್ಲಿ ಸಾಮಾನ್ಯ ಸೀಸನ್ ತೆರೆಯುವ 10ನೇ ತಾರೀಖಿಗೆ ಟಗರುಗಳು ಆಗಲೇ ಒಮ್ಮೆ ಬೆದರಿರುತ್ತವೆ.

ಮಾಡಬೇಕಾದ್ದು ಹೀಗೆ. ಇಳಿದ ದಿನ ಸಂಜೆಯೇ ಎದುರಿನ ಎರಡು ಮೂರು ಇಳಿಜಾರು ಒಟ್ಟಿಗೆ ಕಾಣುವ ಜಾಗ ಹಿಡಿಯಿರಿ. ಡೇರೆ ಅಲ್ಲಿ ಬೇಡ. ಏಣಿನ ಹಿಂದೆ, ನೀರಿರುವ, ಕುರಿಗಳಿಗೆ ಕಾಣದ ತಗ್ಗಿನಲ್ಲಿ ಇರಲಿ. ಬೆಳಕು ಹರಿಯುವಾಗ ಸೂರ್ಯ ಬೆನ್ನಿಗಿರುವಂತೆ ಕೂತು ಹತ್ತು ಪಟ್ಟು ಹಿಗ್ಗಿಸುವ 10x42 ದುರ್ಬೀನನ್ನು ಟ್ರೈಪಾಡ್ ಮೇಲೆ ಕೂರಿಸಿ. ಕೈಯಲ್ಲಿ ಹಿಡಿದು ನೋಡುವುದಕ್ಕೂ ಟ್ರೈಪಾಡ್ ಮೇಲಿಟ್ಟು ನೋಡುವುದಕ್ಕೂ ಅಜಗಜಾಂತರ. ಇಳಿಜಾರನ್ನು ಮೇಲಿನಿಂದ ಕೆಳಗೆ ಪಟ್ಟಿಪಟ್ಟಿಯಾಗಿ ಭಾಗ ಮಾಡಿಕೊಂಡು ಒಂದೊಂದನ್ನೂ ನೋಡಿ, ಅರ್ಧ ಗಂಟೆ ಬಿಟ್ಟು ಅದನ್ನೇ ಮತ್ತೆ ನೋಡಿ. ಮೊದಲ ಸಲ ಬಂಡೆಯ ಹಿಂದಿದ್ದದ್ದು ಎರಡನೇ ಸಲ ಎದ್ದು ಮೇಯುತ್ತಿರುತ್ತದೆ. ಕರಗದೆ ಉಳಿದ ಹಿಮದ ತುಂಡು ಅಚ್ಚ ಬಿಳಿ. ಟಗರಿನ ಬಿಳಿಯಲ್ಲಿ ಕೆನೆಬಣ್ಣ ಇರುತ್ತದೆ. ಅನುಮಾನ ಬಂದದ್ದನ್ನು ಮಾತ್ರ ಹೆಚ್ಚು ಹಿಗ್ಗಿಸಿ ತೋರಿಸುವ ಒಂಟಿಗಣ್ಣಿನ ದುರ್ಬೀನಾದ ಸ್ಪಾಟಿಂಗ್ ಸ್ಕೋಪ್‌ನಲ್ಲಿ ನೋಡಿದರೆ ಸಾಕು. ಸ್ಕೋಪಿನಿಂದಲೇ ಹುಡುಕಲು ಹೊರಟರೆ ಕಣ್ಣು ಸೋಲುತ್ತದೆ, ನೋಟದ ಹರವೂ ಕಿರಿದು.

ಹೆಣ್ಣು ಕುರಿ, ಮರಿ ಕಂಡವು ಎಂದು ಅದೇ ಕಣಿವೆಯಲ್ಲಿ ಟಗರು ಹುಡುಕುತ್ತ ಉಳಿಯುವುದು ಸಾಮಾನ್ಯ ತಪ್ಪು. ಬೆದೆಯ ಕಾಲ ನವೆಂಬರ್ ನಡುವಿನಿಂದ ಡಿಸೆಂಬರ್ ನಡುವಿನವರೆಗೆ. ಅಲ್ಲಿಯ ತನಕ ದೊಡ್ಡ ಟಗರುಗಳದು ಬೇರೆಯೇ ಗುಂಪು, ಬೇರೆಯೇ ಬೆಟ್ಟ. ಹೆಚ್ಚಾಗಿ ಕಣಿವೆಯ ತೀರಾ ತಲೆಭಾಗದಲ್ಲಿ, ಹುಲ್ಲಿನ ಪಟ್ಟಿಯೂ ಓಡಿ ಪಾರಾಗಲು ಕಡಿದಾದ ಬಂಡೆಯೂ ಅಕ್ಕಪಕ್ಕ ಇರುವಲ್ಲಿ. ಜಾರುಕಲ್ಲಿನ ಇಳಿಜಾರಿನಲ್ಲಿ ಮೊಟ್ಟೆಯಾಕಾರಕ್ಕೆ ಕೆರೆದು ಮಟ್ಟ ಮಾಡಿದ ಮಲಗುವ ಜಾಗಗಳೂ, ಅಡ್ಡಕ್ಕೆ ಗೆರೆ ಎಳೆದಂತೆ ಸಾಗುವ ಕಾಲುದಾರಿಗಳೂ ಕಂಡರೆ ಸ್ಥಳ ಸರಿ ಇದೆ. ಹವೆ ತಿಳಿಯಾಗಿದ್ದು ಎರಡು ಬೆಳಗು, ಎರಡು ಸಂಜೆ ನೋಡಿಯೂ ಒಂದು ಟಗರು ಕಾಣದಿದ್ದರೆ ಮಾತ್ರ ಡೇರೆ ಕೀಳಿ. ಮಂಜು ಕವಿದ ದಿನ ಈ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಐದನೇ ದಿನ. ಮಲಗಿದ ಟಗರು ಕಂಡದ್ದು ಒಳ್ಳೆಯ ಅವಕಾಶ. ಬೆಳಗ್ಗೆ ಮೇಯ್ದು ಒಂಬತ್ತು ಹತ್ತರ ಹೊತ್ತಿಗೆ ಅವು ಏಣಿನ ತುದಿಯಲ್ಲೋ ಬಂಡೆಯ ಬುಡದಲ್ಲೋ ಬೆನ್ನು ಬೆಟ್ಟಕ್ಕೆ ಕೊಟ್ಟು ಮಲಗುತ್ತವೆ, ಮುಖ ಕೆಳಕ್ಕೆ. ತೋಳ, ಕರಡಿ, ಮನುಷ್ಯ ಎಲ್ಲರೂ ಬರುವುದು ಕೆಳಗಿನಿಂದ, ಹಾಗಾಗಿ ನೋಟವೂ ಕೆಳಕ್ಕೇ. ಮೇಲಿನಿಂದ ಬರುವುದನ್ನು ಅವು ಅಷ್ಟು ಗಮನಿಸುವುದಿಲ್ಲ. ಆದ್ದರಿಂದ ಬೆಟ್ಟದ ಹಿಂಬದಿಯಿಂದ ಹತ್ತಿ, ಅವುಗಳಿಗಿಂತ ಮೇಲೆ ತಲುಪಿ, ಏಣನ್ನು ದಾಟಿ ಇಳಿದು ಬರಬೇಕು. ಈ ಸುತ್ತುದಾರಿಗೆ ನಾಲ್ಕೈದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ನಕ್ಷೆ ನೋಡಿ ಅಂದಾಜಿಸಿದ ಸಮಯವನ್ನು ಎರಡರಿಂದ ಗುಣಿಸಿಕೊಳ್ಳಿ. ಹೊರಡುವ ಮುನ್ನ ಟಗರು ಮಲಗಿರುವ ಜಾಗದ ಸುತ್ತಲಿನ ಬಂಡೆ, ಹಿಮದ ಪಟ್ಟಿ, ಕೊರಕಲು ಎಲ್ಲವನ್ನೂ ಸ್ಕೋಪಿನ ಕಣ್ಣಿಗೆ ಫೋನ್ ಹಿಡಿದು ಫೋಟೋ ತೆಗೆಯಿರಿ. ಆಚೆ ಬದಿಯಿಂದ ನೋಡಿದಾಗ ಬೆಟ್ಟದ ಚಹರೆಯೇ ಬೇರೆ. ಫೋಟೋ ಇಲ್ಲದೆ ಹತ್ತಿದವರು ತಪ್ಪು ಏಣಿನ ಮೇಲೆ ತಲೆ ಎತ್ತಿ, ಪಕ್ಕದ ಏಣಿನಿಂದ ಟಗರು ತಮ್ಮನ್ನು ನೋಡುವುದನ್ನು ನೋಡುತ್ತಾರೆ.

ಗಾಳಿಯ ಲೆಕ್ಕವೂ ನಿಮಗೆ ತಿರುಗಿಬಿದ್ದಿದೆ. ಬಿಸಿಲೇರಿದ ಮೇಲೆ ಕಾದ ಗಾಳಿ ಇಳಿಜಾರಿನುದ್ದಕ್ಕೂ ಮೇಲೇರುತ್ತದೆ, ಸಂಜೆ ತಂಪಾದಾಗ ಕೆಳಗಿಳಿಯುತ್ತದೆ. ಹನ್ನೊಂದಕ್ಕೆ ಕೆಳಗಿನಿಂದ ಹೊರಟವರ ವಾಸನೆ ಅವರಿಗಿಂತ ಮೊದಲೇ ಮೇಲೆ ಮುಟ್ಟಿರುತ್ತದೆ. ಎರಡು ಎಚ್ಚರಿಕೆ: ಹಿಮನದಿ ಇರುವ ಕಣಿವೆಯಲ್ಲಿ ತಣ್ಣನೆಯ ಗಾಳಿ ಹಗಲಿಡೀ ಕೆಳಮುಖವಾಗಿ ಬೀಸಬಹುದು. ಮೋಡ ಬಿಸಿಲು ಅದಲುಬದಲಾಗುವ ದಿನ ಏಣಿನ ತುದಿಯಲ್ಲಿ ಗಾಳಿ ಸುಳಿಯುತ್ತದೆ, ಯಾವ ನಿಯಮವೂ ನಡೆಯುವುದಿಲ್ಲ. ಮಕ್ಕಳ ಪೌಡರ್ ತುಂಬಿದ ಪುಟ್ಟ ಬಾಟಲಿಯೊಂದು ಜೇಬಿನಲ್ಲಿರಲಿ. ಚಿಮುಕಿಸಿದರೆ ಗಾಳಿ ಎತ್ತಲೆಂದು ಕಣ್ಣಿಗೇ ಕಾಣುತ್ತದೆ.

ನಡುದಾರಿಯಲ್ಲಿ ಟಗರು ನಿಮ್ಮನ್ನು ನೋಡಿಬಿಟ್ಟರೆ ದಡಕ್ಕನೆ ಅಡಗಬೇಡಿ. ಕಂಡದ್ದು ಮಾಯವಾದರೆ ಅದಕ್ಕೆ ಭಯ ಹೆಚ್ಚು. ಇದ್ದಲ್ಲೇ ಕೂತುಬಿಡಿ. ಅರ್ಧ ಗಂಟೆಯಾದರೂ ಸರಿ, ಅದು ತಲೆ ತಗ್ಗಿಸಿ ಮೇಯುವವರೆಗೆ ಅಲುಗಬೇಡಿ. ಕಣ್ಣಿಗೆ ಬಿದ್ದವರನ್ನು ಕೆಲವೊಮ್ಮೆ ಸಹಿಸಿಕೊಳ್ಳುತ್ತವೆ. ವಾಸನೆ ಸಿಕ್ಕಿತೋ, ಆ ದಿನದ ಆಸೆ ಬಿಡಿ, ಹಿಂಬಾಲಿಸಿ ಇನ್ನಷ್ಟು ಓಡಿಸಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ನೀವು ಹೋದ ಕಡೆಯ ರಾಷ್ಟ್ರೀಯ ಉದ್ಯಾನವಾದ ರ್‍ಯಾಂಗಲ್ ಸೇಂಟ್ ಎಲಾಯಸ್‌ನಲ್ಲಿ ಪಾರ್ಕ್ ಎಂಬ ಭಾಗ ಬೇರೆ, ಲೈಸೆನ್ಸ್ ಇದ್ದವರು ಬೇಟೆಯಾಡಬಹುದಾದ ಪ್ರಿಸರ್ವ್ ಎಂಬ ಭಾಗ ಬೇರೆ. ಪಾರ್ಕ್ ಭಾಗದಲ್ಲಿ ಬೇಟೆಯ ಹಕ್ಕಿರುವುದು ಆ ಸುತ್ತಿನ ಅರ್ಹ ಗ್ರಾಮೀಣ ನಿವಾಸಿಗಳಿಗೆ ಮಾತ್ರ. ಆಂಕರೇಜ್‌ನವರಿಗೆ ಇಲ್ಲ. ಗಡಿ ಕೆಲವೆಡೆ ಏಣಿನ ಮೇಲೇ ಹಾದುಹೋಗುತ್ತದೆ. ಗಡಿ ಗೆರೆ ಇರುವ ನಕ್ಷೆಯನ್ನು ಆನ್‌ಎಕ್ಸ್‌ನಂಥ ಆ್ಯಪ್‌ನಲ್ಲಿ ಮೊದಲೇ ಇಳಿಸಿಕೊಂಡು ಹೋಗಿ. ಬೆಟ್ಟದಲ್ಲಿ ಸಿಗ್ನಲ್ ಇರುವುದಿಲ್ಲ.

ಪ್ರಶ್ನೆ: ಹಾಗಾದರೆ ಆ ಒಂಟಿ ಟಗರನ್ನು ಬಿಟ್ಟದ್ದು ಏಕೆ ಸರಿ? ಪೂರ್ತಿ ಸುತ್ತು ಎಂದು ದೂರದಿಂದ ಖಚಿತ ಮಾಡಿಕೊಳ್ಳುವುದು ಹೇಗೆ? (ಅದೇ ಪತ್ರದಿಂದ)

ಉತ್ತರ: ಏಕೆಂದರೆ ಅನುಮಾನಕ್ಕೆ ಅಲ್ಲಿ ರಿಯಾಯಿತಿ ಇಲ್ಲ. ಸಾಮಾನ್ಯ ಸೀಸನ್‌ನಲ್ಲಿ, ಬಹುತೇಕ ಕಡೆ, ಮೂರರಲ್ಲಿ ಒಂದು ಇದ್ದರೆ ಮಾತ್ರ ಟಗರು ಕಾನೂನುಬದ್ಧ: ಕನಿಷ್ಠ ಒಂದು ಕೊಂಬಿನ ತುದಿ 360 ಡಿಗ್ರಿ ಸುತ್ತು ಮುಗಿಸಿರಬೇಕು, ಇಲ್ಲವೇ ಎರಡೂ ಕೊಂಬಿನ ತುದಿ ಮುರಿದಿರಬೇಕು, ಇಲ್ಲವೇ ಕೊಂಬಿನ ಉಂಗುರಗಳ ಪ್ರಕಾರ ವಯಸ್ಸು 8 ವರ್ಷ ತುಂಬಿರಬೇಕು. ಹೊಡೆದ 30 ದಿನದೊಳಗೆ ಕೊಂಬನ್ನು ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆಗೆ ಒಯ್ದು ಮುದ್ರೆ ಹಾಕಿಸಬೇಕು. ಅಲ್ಲಿ ಸುತ್ತು ಕಡಿಮೆ ಬಿದ್ದರೆ ಕೊಂಬೂ ಹೋಯಿತು, ಮಾಂಸವೂ ಹೋಯಿತು, ದಂಡ ಬೇರೆ.

ಸುತ್ತು ಅಳೆಯಲು ಒಂದೇ ಕೋನ ಸರಿ: ಕೊಂಬಿನ ಸುರುಳಿಗೆ ನೇರ ಎದುರಾಗಿ, ಪಕ್ಕದಿಂದ. ಆ ಕೋನದಲ್ಲಿ ಸುರುಳಿಯ ಹೊರ ಅಂಚು ದುಂಡಗೆ ಕಾಣುತ್ತದೆ. ಮೊಟ್ಟೆಯಂತೆ ಕಂಡರೆ ತಲೆ ಓರೆಯಾಗಿದೆ ಎಂದರ್ಥ, ಆಗ ಕಂಡದ್ದನ್ನು ನಂಬಬೇಡಿ. ಬೆಟ್ಟದಲ್ಲಿ ನೀವು ಮೇಲೋ ಕೆಳಗೋ ಇರುತ್ತೀರಿ, ಟಗರು ತಲೆ ಎತ್ತಿಯೋ ತಗ್ಗಿಸಿಯೋ ಇರುತ್ತದೆ. ಬಹುಪಾಲು ತಪ್ಪುಗಳು ಆಗುವುದು ಇಲ್ಲಿಯೇ. ಅದು ತಲೆ ತಿರುಗಿಸುವಾಗ ಆ ಸರಿಯಾದ ಕೋನ ಒಂದೆರಡು ಕ್ಷಣ ಸಿಗುತ್ತದೆ, ಅದಕ್ಕಾಗಿ ಕಾಯಬೇಕು. ಫೋನಿನಲ್ಲಿ ವಿಡಿಯೊ ತೆಗೆದು ಆಮೇಲೆ ಒಂದೊಂದೇ ಚಿತ್ರ ನಿಲ್ಲಿಸಿ ನೋಡುವುದು ಒಳ್ಳೆಯ ಉಪಾಯ. ಕೊಂಬಿನ ತುದಿ ಮೂಗಿನ ಗೆರೆಗಿಂತ ಮೇಲೆ ಬಂದರೆ ಸಾಕು ಎಂಬ ಮಾತು ಕೆನಡಾದ ಬ್ರಿಟಿಷ್ ಕೊಲಂಬಿಯಾದ ನಿಯಮದಿಂದ ಬಂದದ್ದು. ಅದನ್ನು ಅಲಾಸ್ಕಾಕ್ಕೆ ಹಚ್ಚಿದರೆ ಕೆಡುತ್ತೀರಿ.

ಉಂಗುರ ಎಣಿಸುವುದು ಇನ್ನೂ ಕಷ್ಟ. ಪ್ರತಿ ಚಳಿಗಾಲ ಕೊಂಬಿನ ಬೆಳವಣಿಗೆ ನಿಂತು, ಸುತ್ತಲೂ ಒಂದು ಕಪ್ಪನೆಯ ಆಳದ ಗೆರೆ ಬೀಳುತ್ತದೆ. ನಡುನಡುವೆ ಸುಳ್ಳು ಗೆರೆಗಳೂ ಇರುತ್ತವೆ, ಅವು ಕೊಂಬಿನ ಪೂರ್ತಿ ಸುತ್ತ ಹೋಗಿರುವುದಿಲ್ಲ. ತುದಿಯ ಮೊದಲ ವರ್ಷದ ಭಾಗ ಎಷ್ಟೋ ಟಗರುಗಳಲ್ಲಿ ಸವೆದು ಹೋಗಿರುತ್ತದೆ. ವಯಸ್ಸಾದಂತೆ ಬುಡದ ಹತ್ತಿರ ಗೆರೆಗಳು ಒತ್ತೊತ್ತಾಗಿ ಒಂದರಂತೆ ಕಾಣುತ್ತವೆ. ನಡುಹಗಲಿನಲ್ಲಿ ನೆಲದಿಂದೇಳುವ ಬಿಸಿಗಾಳಿ ಸ್ಕೋಪಿನ ನೋಟವನ್ನು ನೀರಿನಡಿಯ ಚಿತ್ರದಂತೆ ಕುಣಿಸುತ್ತದೆ, ಆ ಹೊತ್ತಲ್ಲಿ ಎಣಿಸಿದ ಎಂಟು ಬಹಳ ಸಲ ಏಳೇ ಆಗಿರುತ್ತದೆ. 300 ಮೀಟರ್‌ನೊಳಗೆ, 40ರ ಆಸುಪಾಸಿನ ವರ್ಧನೆಯಲ್ಲಿ, ಬೆಳಗಿನ ತಂಪಿನಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಎಣಿಸಿ, ಲೆಕ್ಕ ಒಬ್ಬರಿಗೊಬ್ಬರು ಮೊದಲೇ ಹೇಳದೆ, ಕೊನೆಗೆ ಹೋಲಿಸಿ. ಇಬ್ಬರ ಉತ್ತರ ಬೇರೆಯಾದರೆ ಅದು ಹೊಡೆಯುವ ಟಗರಲ್ಲ. ಗಂಡ ಹೆಂಡತಿ ಜೊತೆಗೆ ಹೋಗುವುದರ ದೊಡ್ಡ ಲಾಭ ಇದೇ, ಒಬ್ಬರ ಆಸೆಗೆ ಇನ್ನೊಬ್ಬರ ಕಣ್ಣು ತಡೆ. ಇಲಾಖೆಯವರು ಚಿತ್ರಸಮೇತ ಕೈಪಿಡಿ ಮಾಡಿದ್ದಾರೆ. ಚಳಿಗಾಲದಲ್ಲಿ ಮನೆಯಲ್ಲಿ ಕೂತು ಅದರ ಚಿತ್ರಗಳ ಮೇಲೆ ಅಭ್ಯಾಸ ಮಾಡಿ.

ಪ್ರಶ್ನೆ: ಹತ್ತು ದಿನದ ಊಟ ಇಬ್ಬರೇ ಹೊರುವುದು ಹೇಗೆ? ನಮ್ಮ ಅಡುಗೆಯಲ್ಲಿ ಹೊರಬಹುದಾದದ್ದು ಏನಾದರೂ ಇದೆಯೇ? (ಫೇರ್‌ಬ್ಯಾಂಕ್ಸ್)

ಉತ್ತರ: ಧಾರಾಳವಾಗಿ ಇದೆ. ಈ ನಡಿಗೆಗೆ ಒಬ್ಬರಿಗೆ ದಿನಕ್ಕೆ 3,500ರಿಂದ 4,000 ಕ್ಯಾಲೊರಿ ಬೇಕು, ತೂಕ 800 ಗ್ರಾಂ ಮೀರಬಾರದು. ಅಂದರೆ ಗ್ರಾಂಗೆ ಐದು ಕ್ಯಾಲೊರಿಯ ಹತ್ತಿರ. ಅಕ್ಕಿ, ಬೇಳೆಯಿಂದ ಈ ಲೆಕ್ಕ ಹತ್ತುವುದಿಲ್ಲ, ಎಣ್ಣೆಯಂಶ ಬೇಕು. ಒಬ್ಬರ ಒಂದು ದಿನದ ಪೊಟ್ಟಣ ಹೀಗಿರಲಿ: ತೆಳು ಅವಲಕ್ಕಿ 120 ಗ್ರಾಂ, ಹುರಿದ ಕಡಲೆಬೀಜ ಮತ್ತು ಬಾದಾಮಿ ಸೇರಿ 150, ಹುರಿಹಿಟ್ಟು 100, ಚಿಕ್ಕಿ 100, ತುಪ್ಪ 60, ಕೆನೆ ತೆಗೆಯದ ಹಾಲಿನ ಪುಡಿ 60, ಚಾಕಲೇಟ್ 50, ಬಿಸಿನೀರು ಹಾಕಿದರೆ ಸಿದ್ಧವಾಗುವ ಒಣ ಊಟ 150. ಒಟ್ಟು 790 ಗ್ರಾಂ, ಹೆಚ್ಚುಕಡಿಮೆ 3,900 ಕ್ಯಾಲೊರಿ. ತುಪ್ಪ ಚಳಿಗೆ ಕಲ್ಲಾಗುತ್ತದೆ, ಬಾಟಲಿ ಬೇಡ, ಅಗಲ ಬಾಯಿಯ ಡಬ್ಬಿಯಲ್ಲಿಟ್ಟು ಚಮಚದಿಂದ ತೋಡಿ ಹುರಿಹಿಟ್ಟಿಗೋ ಊಟಕ್ಕೋ ಹಾಕಿ. ಚಿಕ್ಕಿಯನ್ನು ಮನೆಯಲ್ಲೇ ಚಿಕ್ಕ ತುಂಡು ಮಾಡಿಕೊಳ್ಳಿ, ಚಳಿಯಲ್ಲಿ ಕಚ್ಚಲು ಹೋಗಿ ಹಲ್ಲು ಮುರಿದುಕೊಂಡರೆ ಅಲ್ಲಿ ಡಾಕ್ಟರಿಲ್ಲ. ದಿನದ ಪೊಟ್ಟಣ ಬೇರೆ ಬೇರೆ ಕಟ್ಟಿ, ಇಲ್ಲದಿದ್ದರೆ ಆರನೇ ದಿನಕ್ಕೆ ಚಾಕಲೇಟ್ ಖಾಲಿ.

ಹತ್ತು ದಿನದ ಬೇಟೆಗೆ ಹನ್ನೆರಡು ಪೊಟ್ಟಣ ಒಯ್ಯಿರಿ. ಮೋಡ ಕೆಳಗಿಳಿದರೆ ಹೇಳಿದ ದಿನ ವಿಮಾನ ಬರುವುದಿಲ್ಲ. ಆ ಎರಡು ಪೊಟ್ಟಣ ಇಳಿದ ಜಾಗದಲ್ಲೇ ಕರಡಿ ತೆರೆಯಲಾಗದ ಡಬ್ಬಿಯಲ್ಲಿಡಿ, ಹೊತ್ತು ತಿರುಗಬೇಡಿ. ಗ್ಯಾಸ್ ಲೆಕ್ಕ: ಇಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು ಕುದಿಸಿದರೆ 230 ಗ್ರಾಂ ಕ್ಯಾನ್ ಮೂರು ನಾಲ್ಕು ದಿನ ಬರುತ್ತದೆ. ಪ್ರಯಾಣಿಕರ ವಿಮಾನದಲ್ಲಿ ಕ್ಯಾನ್ ಒಯ್ಯಲು ಬಿಡುವುದಿಲ್ಲ, ಆಂಕರೇಜ್‌ನಲ್ಲೋ ಫೇರ್‌ಬ್ಯಾಂಕ್ಸ್‌ನಲ್ಲೋ ಕೊಳ್ಳಬೇಕು. ಕರಡಿಯನ್ನು ಓಡಿಸುವ ಖಾರದ ಸ್ಪ್ರೇ ಇದ್ದರೆ ಸಣ್ಣ ವಿಮಾನದ ಪೈಲಟ್‌ಗೆ ಮೊದಲೇ ಹೇಳಿ. ಅದು ಒಳಗೆ ಸೋರಿದರೆ ವಿಮಾನ ಓಡಿಸುವವರ ಕಣ್ಣೇ ಹೋಗುತ್ತದೆ.

ಭಾರ ಇಳಿಸುವ ಸುಲಭ ದಾರಿ ಒಂದಿದೆ, ಗಂಡಸರಿಗೆ ಅಷ್ಟಾಗಿ ಹಿಡಿಸುವುದಿಲ್ಲ: ಇಬ್ಬರಿಗೂ ಸೇರಿ ಒಂದೇ ಕೋವಿ. ಮೇಲೆ ಕೂರಿಸಿದ ಗುರಿದುರ್ಬೀನು, ತೋಟಾ ಸಮೇತ ಒಂದು ಕೋವಿ ಮೂರೂವರೆ ನಾಲ್ಕು ಕಿಲೋ. ಅದರ ಬದಲು ಎರಡನೆಯವರ ಬೆನ್ನಿಗೆ ಸ್ಪಾಟಿಂಗ್ ಸ್ಕೋಪ್ ಮತ್ತು ಟ್ರೈಪಾಡ್ ಹೋಗಲಿ. ಕರಡಿ ಸ್ಪ್ರೇ ಮಾತ್ರ ಇಬ್ಬರ ಸೊಂಟದಲ್ಲೂ ಬೇಕು. ಸೂಪರ್ ಕಬ್‌ನಲ್ಲಿ ಪೈಲಟ್ ಹಿಂದೆ ಒಬ್ಬರಿಗಷ್ಟೇ ಜಾಗ, ದಂಪತಿಗೆ ಎರಡು ಸಲ ಹಾರಬೇಕು. ಸಾಮಾನಿಗೆ ತೂಕದ ಮಿತಿ ಕಟ್ಟುನಿಟ್ಟು, ಸಾಮಾನ್ಯವಾಗಿ ತಲೆಗೆ 23 ಕಿಲೋದ ಸುತ್ತಮುತ್ತ. ಹಿಂದಿರುಗುವ ಭಾರವನ್ನೂ ಹೊರಡುವಾಗಲೇ ಎಣಿಸಿ. ಟಗರು ಸಿಕ್ಕರೆ ಮೂಳೆ ಬಿಡಿಸಿದ ಮಾಂಸ ಸುಮಾರು 30 ಕಿಲೋ, ತಲೆ ಮತ್ತು ತೊಗಲು ಬೇರೆ. ಮಾಂಸ ಬಿಟ್ಟು ಕೊಂಬು ಮಾತ್ರ ತರುವುದು ಅಪರಾಧ. ಡೇರೆಯೂ ಸೇರಿದರೆ ಇಬ್ಬರಿಗೆ ಎರಡು ಸರದಿಯ ಹೊರೆ. ಹಾಗಾಗಿ ವಿಮಾನ ಇಳಿಯುವ ಜಾಗದಿಂದ ಒಂದು ದಿನದ ನಡಿಗೆಗಿಂತ ದೂರ ಹೋಗಿ ಹೊಡೆಯಬೇಡಿ.

ಪ್ರಶ್ನೆ: ಹಿಮ್ಮಡಿ ಗುಳ್ಳೆಯಿಂದಲೇ ನಮ್ಮ ಗುಂಪಿನ ಚಾರಣ ಅರ್ಧಕ್ಕೆ ನಿಂತಿತು. ಕುರಿ ಬೇಟೆಯವರು ಏನು ಮಾಡುತ್ತಾರೆ? (ಚಿಕ್ಕಮಗಳೂರು)

ಉತ್ತರ: ಬೂಟನ್ನು ಮೊದಲೇ 80ರಿಂದ 100 ಕಿಲೋಮೀಟರ್ ಹೊರೆ ಸಮೇತ ನಡೆದು ಪಳಗಿಸುತ್ತಾರೆ. ಕುರಿ ಬೆಟ್ಟಕ್ಕೆ ಅಟ್ಟೆ ಬಿರುಸಾದ ಬೂಟೇ ಬೇಕು, ಮೆತ್ತನೆಯದು ಜಾರುಕಲ್ಲಿನ ಮೇಲೆ ಮಡಚುತ್ತದೆ. ಬಿರುಸು ಅಟ್ಟೆ ಹತ್ತುವಾಗ ಹಿಮ್ಮಡಿಯನ್ನು ಎತ್ತಿ ತಿಕ್ಕುತ್ತದೆ, ಗುಳ್ಳೆಯ ಮೂಲ ಅದು. ತಿಕ್ಕುವ ಜಾಗ ಬಿಸಿಯಾದಂತೆ ಅನ್ನಿಸಿದ ಕೂಡಲೇ ನಿಂತು, ಒರೆಸಿ ಒಣಗಿಸಿ, ಲ್ಯೂಕೋಟೇಪ್ ಎಂಬ ಗಟ್ಟಿ ಅಂಟುಪಟ್ಟಿ ಹಚ್ಚಬೇಕು. ಮುಂದಿನ ವಿಶ್ರಾಂತಿಗೆ ನೋಡೋಣ ಎಂದರೆ ತಡವಾಯಿತು. ಒದ್ದೆ ಚರ್ಮದ ಮೇಲೆ ಆ ಟೇಪ್ ಹಿಡಿಯುವುದಿಲ್ಲ, ಹಾಗಾಗಿ ಗುಳ್ಳೆ ಏಳುವವರು ಬೆಳಗ್ಗೆ ಒಣ ಕಾಲಿಗೇ ಹಚ್ಚಿಕೊಂಡು ಹೊರಡುವುದು ಲೇಸು. ಒಳಗೆ ತೆಳು ಕಾಲುಚೀಲ, ಮೇಲೆ ಉಣ್ಣೆಯದು. ಹೊಳೆ ದಾಟಲು ಬೇರೆ ಹಗುರ ಚಪ್ಪಲಿ. ಹಿಮನದಿಯಿಂದ ಬರುವ ಹೊಳೆ ಬೆಳಗಿನ ಜಾವ ಇಳಿದಿರುತ್ತದೆ, ಸಂಜೆಗೆ ಕರಗಿದ ನೀರೆಲ್ಲ ಸೇರಿ ತುಂಬುತ್ತದೆ. ದಾಟುವಾಗ ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿರಲಿ, ಬಿದ್ದರೆ ಕಳಚಿಕೊಂಡು ಏಳಬಹುದು. ಅದೇ ಹೊಳೆಯ ಬೂದುಬಣ್ಣದ ನೀರನ್ನು ನೇರ ಫಿಲ್ಟರ್‌ಗೆ ಹಾಕಿದರೆ ಒಂದೇ ದಿನಕ್ಕೆ ಕಟ್ಟಿಕೊಳ್ಳುತ್ತದೆ. ರಾತ್ರಿಯಿಡೀ ಪಾತ್ರೆಯಲ್ಲಿ ತಿಳಿಯಾಗಲು ಬಿಟ್ಟು ಮೇಲಿನದ್ದನ್ನು ಸೋಸಿ.

ಪ್ರಶ್ನೆ: ಇಷ್ಟೆಲ್ಲ ಏಕೆ? ವಿಮಾನದಿಂದಲೇ ಟಗರು ನೋಡಿಕೊಂಡು ಹತ್ತಿರ ಇಳಿದರಾಯಿತಲ್ಲ? ಅಥವಾ ಉತ್ತರ ಅಲಾಸ್ಕಾದ ಡಾಲ್ಟನ್ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ? (ಡಲ್ಲಾಸ್)

ಉತ್ತರ: ಆಗದು. ಆಗಸ್ಟ್ 10ರಿಂದ ಸೆಪ್ಟೆಂಬರ್ 20ರವರೆಗೆ ವಿಮಾನದಿಂದ ಡಾಲ್ ಕುರಿ ಹುಡುಕುವುದಕ್ಕೂ, ಬೇಟೆಗಾರರಿಗೆ ದಿಕ್ಕು ತೋರಿಸುವುದಕ್ಕೂ ನಿಷೇಧವಿದೆ. ಜನರನ್ನು, ಡೇರೆಯನ್ನು, ಮಾಂಸವನ್ನು ಸಾಗಿಸಬಹುದು ಅಷ್ಟೇ. ಹಾರಿದ ದಿನವೇ ಹೊಡೆಯುವಂತೆಯೂ ಇಲ್ಲ, ಮರುದಿನ ಬೆಳಗಿನ ಜಾವ 3 ಗಂಟೆ ಕಳೆಯಬೇಕು. ಡಾಲ್ಟನ್ ಹೆದ್ದಾರಿಯಲ್ಲಿ ಯೂಕಾನ್ ನದಿಯಿಂದ ಉತ್ತರಕ್ಕೆ ರಸ್ತೆಯ ಎರಡೂ ಬದಿ ಐದೈದು ಮೈಲಿ ಕೋವಿ ಬೇಟೆ ಇಲ್ಲ, ಬಿಲ್ಲುಬಾಣ ಮಾತ್ರ. ಕೋವಿಯವರು ಐದು ಮೈಲಿ, ಅಂದರೆ ಎಂಟು ಕಿಲೋಮೀಟರ್, ನಡೆದು ಆಚೆ ಹೋಗಬೇಕು. ಅದು ತೋಯ್ದ ಗುಡ್ಡೆಗುಡ್ಡೆ ಹುಲ್ಲಿನ ನೆಲ. ಗಂಟೆಗೆ ಒಂದೂವರೆ ಕಿಲೋಮೀಟರ್ ಸಾಗಿದರೆ ಹೆಚ್ಚು.

ಪ್ರಶ್ನೆ: ಕಡಿದಾದ ಇಳಿಜಾರಿನಲ್ಲಿ ಗುಂಡು ಮೇಲೆ ಹೋಗುತ್ತದೆ ಎನ್ನುತ್ತಾರೆ, ನಿಜವೇ? (ಸಿದ್ದಾಪುರ, ಕೊಡಗು)

ಉತ್ತರ: ನಿಜ, ಮೇಲ್ಮುಖವಾಗಿ ಹೊಡೆದರೂ ಕೆಳಮುಖವಾಗಿ ಹೊಡೆದರೂ. ಗುಂಡನ್ನು ಭೂಮಿ ಎಳೆಯುವುದು ಅಡ್ಡ ಅಂತರದ ಲೆಕ್ಕದಲ್ಲಿ. 30 ಡಿಗ್ರಿ ಇಳಿಜಾರಿನಲ್ಲಿ ನೇರ ಅಳತೆ 300 ಮೀಟರ್ ಇದ್ದರೆ ಗುರಿಗೆ ಹಿಡಿಯಬೇಕಾದದ್ದು 260. ಕೋನ ಲೆಕ್ಕ ಹಾಕುವ ರೇಂಜ್‌ಫೈಂಡರ್ ಇದನ್ನು ತಾನೇ ತೋರಿಸುತ್ತದೆ. ವಿಮಾನದಿಂದ ಇಳಿಯುವಾಗ ಕೋವಿಗೆ ಪೆಟ್ಟು ಬಿದ್ದಿದ್ದರೆ ಗುರಿ ಒಮ್ಮೆ ಪರೀಕ್ಷಿಸಿಯೇ ಮುಂದಕ್ಕೆ ಹೋಗಿ. ಇದಕ್ಕಿಂತ ಮುಖ್ಯವಾದದ್ದು, ಟಗರು ನಿಂತ ಜಾಗ. ಬಂಡೆಯಂಚಿನಲ್ಲಿ ನಿಂತದ್ದನ್ನು ಹೊಡೆದರೆ ಉರುಳಿ ಮಾಂಸ ಜಜ್ಜಿಹೋಗುತ್ತದೆ, ಕೊಂಬು ಮುರಿಯುತ್ತದೆ, ನೀವು ಇಳಿಯಲಾಗದ ಕೊರಕಲು ಸೇರುತ್ತದೆ. ಹೋಗಿ ತರಲಾಗುವ ಜಾಗಕ್ಕೆ ಅದು ತಾನೇ ನಡೆದು ಬರುವವರೆಗೆ ಕಾಯಿರಿ.

ಪ್ರಶ್ನೆ: ನಾನು ಮೈಸೂರಿನವನು. ಪ್ರವಾಸಕ್ಕೆಂದು ಬಂದು ಈ ಬೇಟೆ ಆಡಬಹುದೇ? ತಮ್ಮ ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿದ್ದಾನೆ, ಅವನು ಕೋವಿ ಕೊಳ್ಳಬಹುದೇ?

ಉತ್ತರ: ಆಡಬಹುದು, ದುಡ್ಡು ಬೇಕು. ಹೊರದೇಶದ ಪ್ರವಾಸಿಗೆ ಅಲಾಸ್ಕಾದಲ್ಲಿ ಯಾವುದೇ ದೊಡ್ಡ ಪ್ರಾಣಿಯ ಬೇಟೆಗೂ ಲೈಸೆನ್ಸ್ ಪಡೆದ ಗೈಡ್ ಕಡ್ಡಾಯ. 2017ರಲ್ಲಿ ಜಾರಿಗೆ ಬಂದ ದರದಂತೆ ಬೇಟೆ ಲೈಸೆನ್ಸ್‌ಗೆ 630 ಡಾಲರ್, ಹೊಡೆದ ಕುರಿಗೆ ಕಟ್ಟುವ ಟ್ಯಾಗ್‌ಗೆ 1,100 ಡಾಲರ್. ಗೈಡ್‌ನ ಖರ್ಚಿನ ಮುಂದೆ ಇದು ಚಿಲ್ಲರೆ, 20,000 ಡಾಲರ್‌ಗಿಂತ ಕಡಿಮೆಗೆ ಕುರಿ ಗೈಡ್ ಸಿಗುವುದು ಅಪರೂಪ. ಅಷ್ಟು ಕೊಟ್ಟರೂ ಟಗರಿಗೆ ಖಾತರಿ ಇಲ್ಲ.

ತಮ್ಮನ ವಿಷಯ ಸೂಕ್ಷ್ಮ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಅಲ್ಲಿಯ ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಉಂಟು. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯುತ್ತದೆ, ಮನೆಯಲ್ಲಿ ಕೋವಿ ಇದ್ದರೆ ವೀಸಾಕ್ಕೇ ಸಂಚಕಾರ. ಕೊಳ್ಳುವ ಮೊದಲು ವಕೀಲರನ್ನು ಕೇಳಲಿ.

ಪ್ರಶ್ನೆ: ನೀಲಗಿರಿಯ ವರೆಯಾಡು (ನೀಲಗಿರಿ ತಾರ್ ಎಂಬ ಕಾಡುಮೇಕೆ), ಲಡಾಖಿನ ನೀಲಿ ಕುರಿ ಇವಕ್ಕೂ ಹೀಗೆ ಪರ್ಮಿಟ್ ಕೊಡುವ ಕಾಲ ಇತ್ತೇ, ಈಗಲೂ ಇದೆಯೇ? (ಗುಂಡ್ಲುಪೇಟೆ)

ಉತ್ತರ: ಬ್ರಿಟಿಷರ ಕಾಲದಲ್ಲಿ ಇತ್ತು. ಈಗ ಎರಡಕ್ಕೂ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ತಮಿಳುನಾಡು, ಕೇರಳದ ಪಶ್ಚಿಮ ಘಟ್ಟದ ಎತ್ತರದ ಹುಲ್ಲುಗಾವಲಲ್ಲಿ ಮಾತ್ರ ಉಳಿದಿರುವ ವರೆಯಾಡು ಅದರ ಮೊದಲ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ, ಪ್ರಾಣಿ. ಕೊಂದರೆ ಮೂರರಿಂದ ಏಳು ವರ್ಷ ಜೈಲು. ನೋಡಲು ಮುನ್ನಾರ್ ಹತ್ತಿರದ ಎರವಿಕುಲಂ ಇದೆ. ಮರಿ ಹಾಕುವ ಕಾಲದಲ್ಲಿ ಅದನ್ನು ಮುಚ್ಚಿರುತ್ತಾರೆ, ವಿಚಾರಿಸಿಕೊಂಡು ಹೊರಡಿ.

ಪ್ರಶ್ನೆ: ಅಲಾಸ್ಕಾದಲ್ಲಿ ಕುರಿ ಕಡಿಮೆಯಾಗುತ್ತಿವೆ ಎಂದು ಓದಿದೆ. ಬೇಟೆಯವರೇ ಕಾರಣವಲ್ಲವೇ? ಅಂಥದ್ದಕ್ಕೆ ಪತ್ರಿಕೆಯಲ್ಲಿ ಜಾಗ ಏಕೆ? (ಧಾರವಾಡ)

ಉತ್ತರ: ಕಡಿಮೆಯಾಗಿರುವುದು ನಿಜ, ಬ್ರೂಕ್ಸ್ ಬೆಟ್ಟಸಾಲಿನಲ್ಲಂತೂ ಕಣ್ಣಿಗೆ ಹೊಡೆಯುವಷ್ಟು. ಮುಖ್ಯ ಕಾರಣ ಹವೆ. ಚಳಿಗಾಲದ ನಡುವೆ ಮಳೆ ಬಿದ್ದು ಹಿಮದ ಮೇಲೆ ಗಟ್ಟಿ ಪದರ ಕಟ್ಟಿದರೆ ಕುರಿಗೆ ಕೆಳಗಿನ ಹುಲ್ಲು ಕೆದರಿ ತಿನ್ನಲಾಗದು. ವಸಂತ ತಡವಾದರೆ ಮರಿಗಳು ಉಳಿಯುವುದಿಲ್ಲ. ಸಾಮಾನ್ಯ ಸೀಸನ್ ಬೇಟೆಯಲ್ಲಿ ಹೋಗುವುದು ವಯಸ್ಸಾದ ಟಗರು, ಹೆಣ್ಣಲ್ಲ, ಮರಿಯಲ್ಲ. ಪೂರ್ತಿ ಸುತ್ತಿನ ನಿಯಮ ಇರುವುದು ಅದಕ್ಕೇ. ಹಾಗೆಂದು ಎಣಿಕೆ ಕುಸಿದಿರುವ ಬೆಟ್ಟಕ್ಕೂ ಹಳೆಯ ಹುರುಪಿನಲ್ಲೇ ಹೋಗುವವರ ಪರ ನಾವಿಲ್ಲ. ಹೊರಡುವ ಮುನ್ನ ಆ ಘಟಕದ (ಬೇಟೆಯ ಲೆಕ್ಕಕ್ಕೆ ವಿಂಗಡಿಸಿದ ಪ್ರದೇಶದ) ಇಲಾಖೆಯ ಜೀವಶಾಸ್ತ್ರಜ್ಞರಿಗೆ ಫೋನ್ ಮಾಡಿ ಸ್ಥಿತಿ ಕೇಳುವುದು ಕನಿಷ್ಠ ಮರ್ಯಾದೆ. ಇನ್ನೊಂದು ಅಪಾಯ ರೋಗ. ಸಾಕಿದ ಕುರಿ ಮೇಕೆಗಳಿಂದ ಕಾಡುಕುರಿಗೆ ದಾಟಿ ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ 2018ರಲ್ಲಿ ಅಲಾಸ್ಕಾದ ಕಾಡುಕುರಿಗಳಲ್ಲೂ ಪತ್ತೆಯಾಯಿತು. ಹೊರೆ ಹೊರಲು ಮೇಕೆ ಒಯ್ಯುವ ಯೋಚನೆ ಯಾರಿಗಾದರೂ ಇದ್ದರೆ ಕೈಬಿಡಿ. ಹಣದ ವಿಚಾರಕ್ಕೆ ಬಂದರೆ, 1937ರ ಪಿಟ್‌ಮನ್ ರಾಬರ್ಟ್‌ಸನ್ ಕಾಯ್ದೆಯಂತೆ ಅಮೆರಿಕದಲ್ಲಿ ಬೇಟೆ ಕೋವಿ, ತೋಟಾಗಳ ಮೇಲಿನ ಶೇ 11ರ ಸುಂಕ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ಕುರಿ ಎಣಿಸಲು ಹಾರುವ ವಿಮಾನದ ಖರ್ಚಿಗೂ ಅದರ ನೆರವಿದೆ.

ಪ್ರಶ್ನೆ: ಏನೂ ಹೊಡೆಯದೆ ಬಂದಮೇಲೆ ಕಾಗದಪತ್ರದ ಕೆಲಸ ಏನಾದರೂ ಉಳಿಯುತ್ತದೆಯೇ? (ಮೊದಲ ಪತ್ರದವರದೇ, ತಾಜಾ ಕಲಂ)

ಉತ್ತರ: ಉಳಿಯುತ್ತದೆ, ಬಹಳ ಜನ ಮರೆಯುವುದು ಇದನ್ನೇ. ನೀವಿಬ್ಬರೂ ಬೇಟೆಗೆ ಮುನ್ನ ಇಲಾಖೆಯಿಂದ ತೆಗೆದುಕೊಂಡ ಚೀಟಿಯಾದ ಹಾರ್ವೆಸ್ಟ್ ಟಿಕೆಟ್‌ಗೆ ಬೇರೆ ಬೇರೆ ವರದಿ ಸಲ್ಲಿಸಬೇಕು, ಬರಿಗೈಯಲ್ಲಿ ಬಂದರೂ, ಮನೆ ಬಿಟ್ಟು ಹೊರಡದೇ ಇದ್ದರೂ. ಸೀಸನ್ ಮುಗಿದ 15 ದಿನದೊಳಗೆ ಇಲಾಖೆಯ ವೆಬ್‌ಸೈಟ್‌ನಲ್ಲೇ ಮುಗಿಸಬಹುದು: ಯಾವ ಘಟಕ, ಎಷ್ಟು ದಿನ, ಹೇಗೆ ತಲುಪಿದಿರಿ. ಕೆಲವು ಕಡೆ ಲಾಟರಿ ಎತ್ತಿ ಕೊಡುವ ಪರ್ಮಿಟ್ ಪಡೆದವರು ಅದರ ವರದಿ ಕೊಡದಿದ್ದರೆ ಮರುವರ್ಷದ ಪರ್ಮಿಟ್‌ಗೆ ಅರ್ಹತೆ ತಪ್ಪುತ್ತದೆ. ನಿಮಗೆ ಟೋಕ್, ಚುಗಾಚ್ ಕಡೆಯ ಲಾಟರಿಗೆ ಹಾಕುವ ಮನಸ್ಸಿದ್ದರೆ ಅರ್ಜಿ ನವೆಂಬರ್ 1ರಿಂದ ಡಿಸೆಂಬರ್ 15ರವರೆಗೆ, ಫಲಿತಾಂಶ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಆ ಹಿಮ್ಮಡಿಗೆ ಹೊಂದುವ ಬೂಟು ಹುಡುಕಿಕೊಳ್ಳಿ.